ಮೂವತ್ತು-ನಲವತ್ತರ ಗೇಟು: ಒಂದು ಶಾಸ್ತ್ರೀಯ ವಿವೇಚನೆ

ಬೆಂಗಳೂರಿನ ಬಡಾವಣೆ ಮನೆಗಳ ಬಗ್ಗೆ ಮಾತೆತ್ತಿದವರೆಲ್ಲ ಹಾಲಿನಿಂದ ಹೊರಟು ದೇವರಮನೆಯಲ್ಲಿ ಮುಗಿಸುತ್ತಾರೆ. ಈ ಕ್ರಮ ದೋಷಪೂರ್ಣ. ಮೂವತ್ತು-ನಲವತ್ತರ ಮನೆಯ ಪ್ರಾಣ ಇರುವುದು ಗೇಟಿನಲ್ಲಿ ಎಂಬುದು ಪ್ರಸ್ತುತ ಲೇಖಕನ ಸಿದ್ಧಾಂತ. ಇದಕ್ಕಾಗಿ ಅವನು ಇಪ್ಪತ್ತೆರಡು ವರ್ಷ ಒಂದೇ ಗೇಟಿಗೆ ಒರಗಿ ಕ್ಷೇತ್ರಕಾರ್ಯ ನಡೆಸಿದ್ದಾನೆ. ಅಂಗಿಗಳ ಮೇಲಿನ ತುಕ್ಕಿನ ಕಲೆಗಳೇ ಮೂಲ ಆಕರ.

ಮೊದಲು ಕಾಲನಿರ್ಣಯ. 1898ರ ಪ್ಲೇಗು ಜನರನ್ನು ಪೇಟೆಯಿಂದಾಚೆ ಅಟ್ಟಿ ಬಸವನಗುಡಿ, ಮಲ್ಲೇಶ್ವರಗಳಿಗೆ ಕಾರಣವಾಯಿತು. 1976ರಲ್ಲಿ ಬಿಡಿಎ ಅವತರಿಸಿತು. ಹೊಲ ಎಂಬ ಶಬ್ದ ಸವೆಯುತ್ತ ಸವೆಯುತ್ತ ಸೈಟ್ ಆದದ್ದು ಹೀಗೆ. ಅಳತೆ 1,200 ಚದರಡಿ. ಅದರಲ್ಲಿ ಸೆಟ್‌ಬ್ಯಾಕ್ ಬಿಡಬೇಕೆಂಬುದು ಶ್ರುತಿ. ನೆಲಮಹಡಿಯಲ್ಲಿ ಬಿಟ್ಟದ್ದನ್ನು ಮೊದಲ ಮಹಡಿಯ ಬಾಲ್ಕನಿಯಲ್ಲಿ ವಸೂಲು ಮಾಡಬೇಕೆಂಬುದು ಸ್ಮೃತಿ. ಎರಡಕ್ಕೂ ವಿರೋಧ ಬಂದಲ್ಲಿ ಏನು ಮಾಡಬೇಕೆಂದು ಮೇಸ್ತ್ರಿ ಹೇಳುತ್ತಾನೆ.

ಇನ್ನು ಗೇಟಿನ ವಾಙ್ಮಯ. ಬಂದ ನೆಂಟರು ಹಾಲಿನಲ್ಲಿ ಕಾಫಿ ಕುಡಿಯುತ್ತ ಆಡುವ ಮಾತೆಲ್ಲ ಬರೀ ಪೀಠಿಕೆ. ‘ಬರ್ತೀವಿ’ ಎಂದು ಚಪ್ಪಲಿ ಮೆಟ್ಟಿ, ಚಿಲಕದ ಮೇಲೆ ಕೈಯಿಟ್ಟಾಗಲೇ ಗ್ರಂಥ ತೆರೆದುಕೊಳ್ಳುವುದು. ‘ಅಯ್ಯೋ, ಹೇಳೋದೇ ಮರೆತೆ ನೋಡಿ...’ ಎಂದು ನಮ್ಮ ದೊಡ್ಡತ್ತೆ ಶುರು ಮಾಡಿದರೆಂದರೆ ಯಾರದೋ ನಿಶ್ಚಿತಾರ್ಥ ಮುರಿದಿದೆ ಎಂದೇ ಅರ್ಥ. ಹಾಲಿನಲ್ಲಿ ಇಪ್ಪತ್ತು ನಿಮಿಷ, ಗೇಟಿನಲ್ಲಿ ಮುಕ್ಕಾಲು ಗಂಟೆ. ಆಟೋದವನು ಮೀಟರ್ ಹಾಕಿಕೊಂಡು ನಿಂತಿದ್ದರೂ ಈ ಪ್ರಮಾಣ ಬದಲಾಗದು.

ನೀರು ಬಿಡುವ ದಿನ ಇದೇ ಗೇಟು ವಿದ್ವತ್ಸಭೆ. ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ನಡೆದು, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ, ನಮ್ಮ ಸಂಪಿನ ಬಾಯಿಗೆ ಬಂದು ನಿಂತುಬಿಡುತ್ತಾಳೆ. ‘ನಿಮಗೆ ಬಂತೇನ್ರೀ?’ ಎಂದು ಎದುರುಮನೆಯವರು ಕೇಳುತ್ತಾರೆ. ‘ಸಣ್ಣಗೆ ಬರ್ತಿದೆ’ ಎನ್ನುವುದೇ ಶಿಷ್ಟಾಚಾರ. ಸಂಪು ತುಂಬಿ ಚರಂಡಿಗೆ ಹರಿಯುತ್ತಿದ್ದರೂ ‘ಜೋರಾಗಿ ಬರ್ತಿದೆ’ ಎಂದವರನ್ನು ಲೇಖಕ ಈವರೆಗೆ ಕಂಡಿಲ್ಲ.

ಗೇಟಿನ ಪಕ್ಕದ ನೀಲಿ ಬೆರೆಸಿದ ನೀರಿನ ಬಾಟಲಿಯನ್ನು ಇಲ್ಲಿ ಸ್ಪರ್ಶಿಸಿ ಮುಂದೆ ಹೋಗಬಹುದು. ಅದನ್ನು ಕಂಡರೆ ನಾಯಿ ಹತ್ತಿರ ಸುಳಿಯದಂತೆ. ನಮ್ಮ ಬೀದಿಯ ಕಂದು ನಾಯಿ ಅದಕ್ಕೇ ತಲೆಯಿಟ್ಟು ಮಲಗುತ್ತದೆ. ಅದು ಬೇರೆ ಸಂಪ್ರದಾಯದ್ದಿರಬೇಕು.

ಈಗ ಪ್ರಧಾನ ವಿಷಯ. ಅಪ್ಪ ಮನೆ ಕಟ್ಟಿಸಿದಾಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ಬರಬೇಕಿತ್ತು. ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಸುರಿಯುವ ಪದ್ಧತಿಯಿಂದ ಮೊದಲ ಮೆಟ್ಟಿಲು ಮುಚ್ಚಿತು. ಒಂದು ಚುನಾವಣೆಗೆ ಎರಡನೆಯದು ಹೋಯಿತು. ಈಗ ಅಂಗಳಕ್ಕೆ ಒಂದು ಮೆಟ್ಟಿಲು ಇಳಿಯಬೇಕು. ಮಳೆ ಬಂದರೆ ರಸ್ತೆಯೇ ನೆಂಟರಂತೆ ಒಳಗೆ ಬರುತ್ತದೆ. ಇಲ್ಲಿ ಎರಡು ಪಂಥಗಳಿವೆ. ‘ರಸ್ತೆ ಏರ್ತಿದೆ’ ಎಂಬುದು ಅಪ್ಪನ ಪಂಥ. ‘ಅದು ಬಿಡಿ ಸಾರ್, ಜಾಕ್ ಕೊಟ್ಟು ಮನೇನೇ ಎತ್ತಿಸಿಬಿಡಣ’ ಎಂಬುದು ಮೇಸ್ತ್ರಿಯ ಪಂಥ. ಅಪ್ಪ ಜಾಕಿನ ಖರ್ಚು ಕೇಳಿದ ದಿನದಿಂದ ಮೇಸ್ತ್ರಿಯೊಡನೆ ವಾದ ನಿಲ್ಲಿಸಿದ್ದಾರೆ.

ರಸ್ತೆ ಏರಿದಾಗಲೆಲ್ಲ ಗೇಟಿನ ಅಡಿ ನೆಲಕ್ಕೆ ತಾಗಿ ಕಿರ್ರೆನ್ನುತ್ತದೆ. ಆಗ ವೆಲ್ಡಿಂಗಿನವನು ಬಂದು, ಕಿಡಿ ಹಾರಿಸಿ, ಕೆಳಗಿನಿಂದ ಒಂದು ಪಟ್ಟಿ ಕತ್ತರಿಸಿ, ಆ ಕಬ್ಬಿಣವನ್ನೂ ತಾನೇ ಒಯ್ಯುತ್ತಾನೆ. ಹೀಗೆ ನಾಲ್ಕು ಬಾರಿ ಆಗಿದೆ. ಹಿಂದೆ ಗೇಟಿನ ಮೇಲಿಂದ ಇಣುಕಲು ಅಮ್ಮ ಕಲ್ಲಿನ ಮೇಲೆ ನಿಲ್ಲಬೇಕಿತ್ತು. ಈಗ ಕಂದು ನಾಯಿ ಓಡಿ ಬರದೆ, ನಿಂತಲ್ಲಿಂದಲೇ ಹಾರಿ ಒಳಬರುತ್ತದೆ. ಇನ್ನೆರಡು ಡಾಂಬರಿಗೆ ಗೇಟು ಹೊಸ್ತಿಲಾಗುವುದೆಂದು ಲೇಖಕನ ಗಣಿತ.

ಈ ಭಾಗವನ್ನು ವಿಸ್ತರಿಸುವ ಉದ್ದೇಶವಿತ್ತು. ಆದರೆ ಇಂದು ಬೆಳಗ್ಗೆ ಕ್ರಾಸಿನ ತುದಿಯಲ್ಲಿ ಲಾರಿಯೊಂದು ಜಲ್ಲಿ ಸುರಿದು ಹೋಗಿದೆ. ಅಮ್ಮ ಒಳಗಿನಿಂದ ಕೂಗುತ್ತಿದ್ದಾರೆ: ‘ಆ ವೆಲ್ಡಿಂಗಿನವನ ನಂಬರ್ ಎಲ್ಲಿಟ್ಟಿದ್ದೀಯೋ?’