ನಿಧಿಶಾಸ್ತ್ರ ಪ್ರವೇಶಿಕೆ

ಶ್ರೀ ಶೇಷಾಯ ನಮಃ. ಶಿವಮೊಗ್ಗ–ಭದ್ರಾವತಿ ರಸ್ತೆಯ ಮಲವಗೊಪ್ಪದಲ್ಲಿ ಬಸ್ಸು ತಡವಾದಾಗಲೆಲ್ಲ ಬೆಳೆಯುತ್ತ ಬಂದಿರುವ ನಿಧಿಶಾಸ್ತ್ರವನ್ನು ಲೋಕಹಿತಾರ್ಥವಾಗಿ ಇಲ್ಲಿ ಸಂಗ್ರಹಿಸಲಾಗಿದೆ.

ಉತ್ಪತ್ತಿ ಪ್ರಕರಣ: ಈ ಸೀಮೆಯ ನಿಧಿಯೆಲ್ಲ ಕೆಳದಿ ಅರಸರದು. 1763ರಲ್ಲಿ ಅವರ ರಾಜಧಾನಿ ಬಿದನೂರನ್ನು ಹೈದರಾಲಿ ಹಿಡಿದು ಬೊಕ್ಕಸ ಬಳಿದನಲ್ಲ, ಇನ್ನೇನು ಉಳಿಯಿತು ಎಂಬುದು ಪೂರ್ವಪಕ್ಷ. ಲೆಕ್ಕಕ್ಕೆ ಸಿಕ್ಕಿದ್ದು ಹೈದರನಿಗೆ, ಸಿಗದ್ದು ನೆಲಕ್ಕೆ ಎಂಬುದು ಸಿದ್ಧಾಂತ. ಬಿದನೂರಿನ ಹೊನ್ನು ಇಷ್ಟು ದೂರ ಬಂದು ನಮ್ಮ ಕಡೆಯೇ ಏಕೆ ಹೂತುಕೊಂಡಿತು ಎಂದು ಕೇಳುವವನು ಎಲ್ಲರ ಟೀ ದುಡ್ಡು ಕೊಡತಕ್ಕದ್ದು.

ಲಕ್ಷಣ ಪ್ರಕರಣ: ನಿಧಿ ಇರುವುದು ಕೊಪ್ಪರಿಗೆಯಲ್ಲಿ, ಕೊಪ್ಪರಿಗೆಗಳು ಏಳು, ಕಾವಲಿಗೆ ಸರ್ಪ. ನಿಧಿ ಎಂದೂ ಹೇಳುವವನ ಹೊಲದಲ್ಲಿರದು, ಪಕ್ಕದವನದರಲ್ಲಿರುತ್ತದೆ. ಅಗೆದಾಗ ಸಿಗದಿದ್ದರೆ ಕೊಪ್ಪರಿಗೆ ನೆಲದೊಳಗೇ ಗಡಗಡ ಉರುಳಿ ಮುಂದೆ ಹೋಯಿತೆಂದೂ, ಇದ್ದಿಲು ಸಿಕ್ಕರೆ ಋಣವಿಲ್ಲದವನ ಕೈಯಲ್ಲಿ ಚಿನ್ನವೇ ಹಾಗಾಯಿತೆಂದೂ ತಿಳಿಯಬೇಕು. ಈ ಶಾಸ್ತ್ರವನ್ನು ಸುಳ್ಳೆಂದು ಸಾಧಿಸಲು ಇಂದಿಗೂ ಯಾವ ಗುದ್ದಲಿಗೂ ಆಗಿಲ್ಲ.

ಸಾಧನ ಪ್ರಕರಣ: ಅಮಾವಾಸ್ಯೆ, ನಿಂಬೆಹಣ್ಣು, ಕರಿಕೋಳಿ, ವೀಳ್ಯದೆಲೆಗೆ ಹಚ್ಚಿದ ಅಂಜನ, ಕಾಲು ಮುಂದಾಗಿ ಹುಟ್ಟಿದವನೊಬ್ಬ ಮತ್ತು ಮುಂಗಡ ಪಡೆದ ಮಂತ್ರವಾದಿ. ಹೊಟ್ಟೆಯೊಳಗೆ ವಜ್ರವಿದೆಯೆಂದು ಹಳೆಯ ಗುಡಿಗಳ ನಂದಿಯನ್ನು ಒಡೆದ ಸಾಧಕರಿಗೆ, ಕಲ್ಲಿನೊಳಗೂ ಕಲ್ಲೇ ಇರುತ್ತದೆಂಬ ಜ್ಞಾನ ಲಭಿಸಿದೆ. ಊರಿಗೆ ಭಗ್ನ ವಿಗ್ರಹ ಲಭಿಸಿದೆ.

ಅಪವಾದ ಪ್ರಕರಣ: ವಿಶ್ವೇಶ್ವರಯ್ಯನವರ ಕನಸಿನ ಭದ್ರಾವತಿ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ತೆಗೆದು ಸಾವಿರಾರು ಮನೆಗಳ ಒಲೆ ಉರಿಸಿತು. ಶಾಸ್ತ್ರ ಇದನ್ನು ನಿಧಿಯೆಂದು ಒಪ್ಪುವುದಿಲ್ಲ. ಅಲ್ಲಿ ಸರ್ಪವಿರಲಿಲ್ಲ, ಮೇಲಾಗಿ ಶಿಫ್ಟಿಗೆ ಸರಿಯಾಗಿ ಹೋಗಬೇಕಿತ್ತು.

ದಂಡ ಪ್ರಕರಣ: ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದರು; 1962ರಲ್ಲಿ ನಮ್ಮ ರಾಜ್ಯವೂ ತನ್ನದೊಂದನ್ನು ಮಾಡಿತು. ನಿಧಿಗಾಗಿ ನಡೆಸುವ ವಾಮಾಚಾರ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯಡಿ ಅಪರಾಧ. ಸರ್ಪ ಬಿಟ್ಟರೂ ಸರ್ಕಾರ ಬಿಡದು.

ಫಲಶ್ರುತಿ: ಈ ಶಾಸ್ತ್ರದಿಂದ ಉದ್ಧಾರವಾದವನು ಮುಂಗಡ ಪಡೆದವನೊಬ್ಬನೇ. ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಿರಿ. ಸಿಗದವರು ದಯವಿಟ್ಟು ಗುಂಡಿ ಮುಚ್ಚಿರಿ. ಕತ್ತಲಲ್ಲಿ ದನಕರು ಬೀಳುತ್ತವೆ.