ಪಲಾಕ್ಸ್ ಮೇಷ್ಟ್ರು

ಕಿರಂಗೂರಿನಲ್ಲಿ ನಾಲೆ ನೀರು ಸೋಕಿದರೆ ದನ ಕಟ್ಟುವ ಗೂಟವೂ ಚಿಗುರೀತು. ಅಂಥ ಊರಿನಲ್ಲಿ ಯಾವ ಗಿಡ ಬಾರದು ಎಂದು ಹುಡುಕಿ, ಅದನ್ನೇ ನೆಡಬೇಕಾದರೆ ನಿವೃತ್ತ ಮೇಷ್ಟ್ರೇ ಆಗಬೇಕು. ಹೆದ್ದಾರಿ ಬದಿಯ ಹೊಸ ಬಡಾವಣೆಗಳಲ್ಲೆಲ್ಲ ಈ ಜಾತಿಯವರು ಒಬ್ಬೊಬ್ಬರು ಇದ್ದೇ ಇರುತ್ತಾರೆ. ಪಿಂಚಣಿ, ಮೂವತ್ತು-ನಲವತ್ತರ ಸೈಟು, ಅಮೆರಿಕದಲ್ಲಿ ಮಗಳು, ಈ ಮೂರೂ ಕೂಡಿಬಂದರೆ ಸಾಕು, ವಿಲಾಯತಿ ಗಿಡವೊಂದು ತಾನಾಗಿ ಗಂಟುಬೀಳುತ್ತದೆ.

ನಮ್ಮ ಮೇಷ್ಟ್ರಿಗೆ ಗಂಟುಬಿದ್ದದ್ದು ಫ್ಲಾಕ್ಸ್, ಊರವರ ಬಾಯಲ್ಲಿ ‘ಪಲಾಕ್ಸ್’. ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ನ್ಯೂಜೆರ್ಸಿಗೆ ಹೋದವರು ಜುಲೈನಲ್ಲಿ ಮನೆಮನೆಯ ಮುಂದೆ ಮೂರಡಿ ಎತ್ತರ ನಿಂತ ಬಿಳಿ, ಗುಲಾಬಿ, ನೇರಳೆ ಗೊಂಚಲು ಕಂಡರು. ಸಂಜೆಗೆ ಘಮ, ಮೇಲೆಲ್ಲ ಚಿಟ್ಟೆ. ‘ಬೇಸಿಗೆ ಹೂವು’ ಎಂದರಂತೆ ಅಲ್ಲಿಯವರು. ಅವರ ಬೇಸಿಗೆ ನಮ್ಮ ಆಷಾಢ, ಶ್ರಾವಣ ಎಂಬುದು ಮೇಷ್ಟ್ರಿಗೆ ಹೊಳೆಯಲಿಲ್ಲ. ಪಾಠ ಮಾಡಿದ್ದು ಭೂಗೋಳವೇ.

ಅಲ್ಲಿಂದ ತಂದ ಬೀಜಕ್ಕೆ ಮೊದಲು ಚಳಿ ತಾಗಬೇಕು, ಇಲ್ಲದಿದ್ದರೆ ಮೊಳೆಯುವುದಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಹಿಮವನ್ನು ಎಲ್ಲಿಂದ ತರುವುದು? ಒದ್ದೆ ಮರಳಿನಲ್ಲಿ ಬೀಜ ಕಲಸಿ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರು. ದೋಸೆಹಿಟ್ಟಿನ ಪಕ್ಕದಲ್ಲಿ ಮರಳು ಕಂಡ ಹೆಂಡತಿ, “ಮನೆ ಕಟ್ಟಿ ಮುಗೀಲಿಲ್ವಾ ಇನ್ನೂ?” ಎಂದರು. ವಾರಗಟ್ಟಲೆ ಆ ಡಬ್ಬಿಗೆ ಸಿಕ್ಕ ಆರೈಕೆ ಬಾಣಂತಿಗೂ ಸಿಕ್ಕಿರಲಿಲ್ಲವಂತೆ. ಇದು ಅವರ ಹೆಂಡತಿಯ ಮಾತು, ನನ್ನದಲ್ಲ.

ಸಸಿಯೇನೋ ಬಂತು. ಬಂದದ್ದೇ ಕಟ್ಟಳೆಗಳೂ ಬಂದವು. ಗಿಡಕ್ಕೂ ಗಿಡಕ್ಕೂ ನಡುವೆ ಒಂದೂವರೆ ಅಡಿ, ಗಾಳಿ ಆಡಬೇಕು. ದಿನಕ್ಕೆ ಆರು ಗಂಟೆ ಬಿಸಿಲು. ನೀರು ಬುಡಕ್ಕೆ ಮಾತ್ರ, ಎಲೆಗೆ ತಾಗಕೂಡದು. “ಮಳೆ ಬಂದ್ರೆ ಛತ್ರಿ ಹಿಡೀತೀರಾ?” ಎಂದು ಹೆಂಡತಿ ಹಂಗಿಸಿದ್ದರು. ಜೂನಿನ ಮೊದಲ ಮಳೆಯಲ್ಲಿ ಮೇಷ್ಟ್ರು ಹಿಡಿದರು.

ಆದರೂ ಎಲೆಗೆ ಬೂದಿರೋಗ ಬಂದೇ ಬಂತು. ಫ್ಲಾಕ್ಸಿಗೆ ಅದು ಹುಟ್ಟಿದೂರಲ್ಲೂ ಬಿಡದ ಶನಿ. ಮೇಷ್ಟ್ರು ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸತೊಡಗಿದರು. ಬೇಲಿಯಾಚೆಯ ಗೌಡರು ಹಿಪ್ಪುನೇರಳೆ ಸೊಪ್ಪಿನಲ್ಲಿ ಇದೇ ಬೂದಿ ಕಂಡವರು. ಆದರೆ ಅವರ ಕಣ್ಣು ಹೋದದ್ದು ಹಾಲಿನ ಕಡೆಗೆ. “ಡೇರಿಗೆ ಹಿಂಗ್ ನೀರ್ ಉಯ್ದ್ರೆ ಕ್ಯಾನ್ ಸಮೇತ ವಾಪಸ್ ಕಳುಸ್ತಾರೆ ಕನಾ ಮೇಷ್ಟ್ರೇ.”

ಬೆಳಗಿನ ಹೊತ್ತು ಬುಟ್ಟಿ ಹಿಡಿದು ಕಾಂಪೌಂಡ್ ಕಾಂಪೌಂಡ್ ಸುತ್ತುವ ಅಜ್ಜಿಯದು ಇನ್ನೊಂದು ವಿಚಾರಣೆ.

“ಇದ ಮುಡಿಯಕ್ಕಾದದಾ?”

“ಇಲ್ಲಮ್ಮ.”

“ದ್ಯಾವ್ರಿಗೆ?”

“ಊಹ್ಞೂ.”

“ದನ ತಿಂದದಾ?”

“ನೋಡೋಕೆ ಅಜ್ಜಿ, ಬರೀ ನೋಡೋಕೆ!”

ಅಜ್ಜಿ ನೋಡಿದಳು. ಹೂವೇ ಇರಲಿಲ್ಲ. ಚರಂಡಿ ಪಕ್ಕ ಯಾರೂ ನೆಡದೆ ಎದ್ದ ನಿತ್ಯಪುಷ್ಪ ಮಾತ್ರ ವರ್ಷವಿಡೀ ಹೂಬಿಟ್ಟುಕೊಂಡಿತ್ತು. ಅದಕ್ಕೂ ಅದೇ ಐದೆಸಳು, ನಡುವೆ ಅದೇ ಬೊಟ್ಟು.

ಮೇಷ್ಟ್ರ ಮನೆದೇವರು ನಂಜುಂಡೇಶ್ವರ. ಆದರೆ ಆಣೆ ಇಡುವುದು ಕ್ರುಂಬಿಗಲ್ ಸಾಹೇಬರ ಮೇಲೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಲಾಲ್‌ಬಾಗ್ ನೋಡಿಕೊಂಡು, ಬೆಂಗಳೂರಿನ ಬೀದಿಗಳಲ್ಲಿ ಒಂದು ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಸಾಲು ಹೂಡಿದ ಜರ್ಮನ್ ತೋಟಗಾರ. ಬೃಂದಾವನದ ಹಿಂದೆಯೂ ಅವರ ಕೈಯಿದೆ. ಆ ಸಾಲನ್ನು ಮೇಷ್ಟ್ರು ಗೇಟಿನಿಂದ ಸಂಪಿನವರೆಗಿನ ಜಾಗದಲ್ಲಿ ಹೂಡಲು ಹೊರಟಿದ್ದರು.

ಕಡೆಗೆ ಮೈಸೂರಿನ ನರ್ಸರಿಯವನೊಬ್ಬ ದಾರಿ ತೋರಿಸಿದ: “ಸಾರ್, ಆ ದೊಡ್ಡದನ್ನ ಬಿಡಿ. ವರ್ಷದ ಫ್ಲಾಕ್ಸ್ ಹಾಕಿ. ದಸರಾ ಹೊತ್ತಿಗೆ ಬೀಜ ಚೆಲ್ಲಿದರೆ ಸಂಕ್ರಾಂತಿ ಆಸುಪಾಸಿಗೆ ಹೂವು.” ಮೊಳದುದ್ದವೂ ಬೆಳೆಯದ ಗಿಡ, ಫ್ರಿಜ್ಜಿನ ಹಂಗಿಲ್ಲ. 1835ರಲ್ಲಿ ಡ್ರಮಂಡ್ ಎಂಬಾತ ಟೆಕ್ಸಾಸಿನಿಂದ ಇದರ ಬೀಜ ಕಳಿಸಿದ ಕಥೆ ಆ ವಾರವೇ ಊರಿಗೆಲ್ಲ ಬಾಯಿಪಾಠವಾಯಿತು.

ಇನ್ನು ಬೇಕಾದದ್ದು ಗೊಬ್ಬರ. ಶ್ರೀರಂಗಪಟ್ಟಣದ ದಸರೆಯ ಜಂಬೂಸವಾರಿ ಹೊರಡುವುದು ಕಿರಂಗೂರಿನ ಬನ್ನಿಮಂಟಪದಿಂದಲೇ. ಆ ದಿನ ಜನರೆಲ್ಲ ಅಂಬಾರಿಗೆ ಕೈಮುಗಿಯುತ್ತಿದ್ದರೆ, ಮೇಷ್ಟ್ರು ಆನೆಯ ಹಿಂಭಾಗದಲ್ಲಿ ದೃಷ್ಟಿ ನೆಟ್ಟು ನಿಂತಿದ್ದರು.

“ಏನ್ ಮೇಷ್ಟ್ರೇ, ಬಕೀಟ್ ಯಾಕೆ?” ಎಂದರು ಗೌಡರು.

“ಪ್ರಸಾದಕ್ಕೆ.”