ಹಾರ್ಲಿಕ್ಸ್ ಬೆಟ್ಟ

(ತ್ಯಾಮಗೊಂಡ್ಲು. ಟೀ ಅಂಗಡಿ.)

ಅಳಿಯ: ಮಾವ, ಅಂಟಾರ್ಕ್ಟಿಕಾದಲ್ಲಿ ಹಾರ್ಲಿಕ್ ಅಂತ ಬೆಟ್ಟಸಾಲು ಐತೆ.

ಮಾವ: ನಾವು ಕುಡಿಯೋ ಹಾರ್ಲಿಕ್ಸಾ?

ಅಳಿಯ: ಅದೇ ಕಂಪನಿ ಸಾಹುಕಾರನ ಹೆಸರು! 1933–35ರಲ್ಲಿ ಅಂಟಾರ್ಕ್ಟಿಕಾ ಶೋಧಕ್ಕೆ ಹೋದ ಬರ್ಡ್ ಸಾಹೇಬನ ತಂಡಕ್ಕೆ ದುಡ್ಡು ಕೊಟ್ಟಿದ್ದ. ಮಗಳು ಮೇಬೆಲ್ ಸಿಡ್ಲಿನೂ ಕೊಟ್ಟಳು. ಅಲ್ಲಿನ ಅತಿ ಎತ್ತರದ ಜ್ವಾಲಾಮುಖಿ ಈಗ ಸಿಡ್ಲಿ.

ಮಾವ: ಅವರು ಹತ್ತಿದ್ರಾ?

ಅಳಿಯ: ದುಡ್ಡು ಹತ್ತಿತು.

ಮಾವ: ನಮ್ಮ ಹಿರೀಕರು ಪೆದ್ದರು ಕಣೋ. ಶಿವಗಂಗೆಯಲ್ಲಿ ಈ ಕಡೆಯಿಂದ ಬಸವ, ಆ ಕಡೆಯಿಂದ ಗಣಪ ಅಂತ ನೋಡ್ತಾ ಕೂತ್ರು. ಒಬ್ಬ ದಾನಿನೂ ಕಾಣಲಿಲ್ಲ!

ಅಳಿಯ: ಇನ್ನೂ ಕೇಳಿ. ಸಿಡ್ಲಿ ಇರೋ ಸಾಲಿನ ಹೆಸರೇ ‘ಕಾರ್ಯಕಾರಿ ಸಮಿತಿ’. ಹ್ಯಾಂಪ್ಟನ್, ಕಮಿಂಗ್, ಹಾರ್ಟಿಗನ್, ವೇಶೆ... ಮೆಂಬರಿಗೊಂದು ಬೆಟ್ಟ.

ಮಾವ: ಮೆಲ್ಲಗೆ ಮಾತಾಡೋ! ಹಿಂದುಗಡೆ ನಮ್ಮ ಡೈರಿ ಕಮಿಟಿಯೋರು ಕೂತವ್ರೆ. ಕ್ವಾರಿಯೋರು ಬಿಟ್ಟಿರೋ ಗುಡ್ಡ ಅವರಿಗೆ ಸಾಲಲ್ಲ.